ನಾದಕ್ಕೊಂದು ಲೇಪ

ನೇತ್ರಾವತಿಯ ದಂಡೆಯಲ್ಲಿರುವ ನಮ್ಮ ಫರಂಗಿಪೇಟೆಯ ಹೆಸರಿನಲ್ಲೇ ಪರದೇಶದ ನೆನಪೊಂದು ಉಳಿದುಕೊಂಡಿದೆ. ಪೋರ್ಚುಗೀಸರನ್ನು ಫರಂಗಿಗಳೆಂದು ಕರೆದ ನಮ್ಮ ಹಿರಿಯರು ಈ ಪೇಟೆಗೂ ಅದೇ ಹೆಸರನ್ನಿಟ್ಟರು. ಹೊರಗಿನಿಂದ ಬಂದುದನ್ನು ನಾಲಗೆಗೂ ಬಾಳಿಗೂ ಒಗ್ಗಿಸಿಕೊಳ್ಳುವುದು ನಮಗೆ ಹೊಸದಲ್ಲ. ಹಾಗೆ ಒಗ್ಗಿಹೋದ ವಸ್ತುಗಳಲ್ಲಿ ಧ್ವನಿವರ್ಧಕವೂ ಒಂದು. ಅದರ ಕಾಗದಕ್ಕೆ ಬಳಿಯುವ ಲೇಪದ ಚರಿತ್ರೆಯನ್ನು, ಅದಕ್ಕೂ ಬಹು ಹಿಂದೆ ನಮ್ಮ ಮದ್ದಳೆಯ ಚರ್ಮಕ್ಕೆ ಬಳಿದ ಲೇಪದ ಚರಿತ್ರೆಯೊಂದಿಗೆ ಇಟ್ಟು ನೋಡಬೇಕೆಂದು ನನ್ನ ಆಸೆ. ಈ ಆಸೆಯನ್ನು ಹುಟ್ಟಿಸಿದ್ದು ಪಾಂಡಿತ್ಯವಲ್ಲ, ಎಳವೆಯಲ್ಲಿ ನಾನೇ ಮಾಡಿದ ಒಂದು ಅಚಾತುರ್ಯ.

ಮಂಗಳೂರು ಆಕಾಶವಾಣಿ ನಿಲಯ ಆರಂಭವಾದದ್ದು 1976ರ ಡಿಸೆಂಬರಿನಲ್ಲಿ. ಆ ನಿಲಯದಿಂದ ಬರುತ್ತಿದ್ದ ತಾಳಮದ್ದಳೆಯನ್ನು ಕೇಳಲು ನಮ್ಮ ಚಾವಡಿಯಲ್ಲಿ ನೆರೆಕರೆಯವರೂ ಬಂದು ಕೂರುತ್ತಿದ್ದರು. ಒಂದು ಮಳೆಗಾಲದಲ್ಲಿ ರೇಡಿಯೊದ ದನಿ ಒಡೆಯತೊಡಗಿತು. ಹಿಂಬದಿಯ ಹಲಗೆ ಬಿಚ್ಚಿ ನೋಡಿದರೆ ಸ್ಪೀಕರಿನ ಕಾಗದಕ್ಕೆ ತೇವ ಹಿಡಿದಿತ್ತು. ಬಾಗಿಲಿಗೆ ಬಳಿದು ಉಳಿದ ವಾರ್ನಿಷ್ ಮನೆಯಲ್ಲಿತ್ತು. ಮರವನ್ನು ಕಾಪಾಡುವ ವಸ್ತು ಕಾಗದವನ್ನು ಕಾಪಾಡದಿದ್ದೀತೆ ಎಂದು, ಅಪ್ಪನಿಗೆ ತಿಳಿಸದೆ, ನಡುವಿನಿಂದ ಅಂಚಿನವರೆಗೆ ಎರಡು ಕೈ ದಪ್ಪನಾಗಿ ಬಳಿದುಬಿಟ್ಟೆ. ಒಣಗಿದ ಮೇಲೆ ಒಡಕು ಹೋಗಿತ್ತು, ನಿಜ. ಆದರೆ ದನಿಯೂ ಹೋಗಿತ್ತು. ಭಾಗವತರ ಸ್ವರ ಡಬ್ಬಿಯೊಳಗಿನಿಂದ ಬಂದಂತೆ ಕೇಳಿಸಿತು. ಮದ್ದಳೆಯಂತೂ ಇದೆಯೋ ಇಲ್ಲವೋ ಎಂಬಂತಾಯಿತು. ಅಪ್ಪ ಬಯ್ಯಲಿಲ್ಲ, ಆ ರಾತ್ರಿ ಬೇಗನೆ ಎದ್ದು ಮಲಗಲು ಹೋದರು. ಬೈದಿದ್ದರೆ ಇಷ್ಟು ಕಾಲ ನೆನಪಿರುತ್ತಿರಲಿಲ್ಲವೇನೋ.

ಮರುದಿನ ರೇಡಿಯೊ ಹೊತ್ತುಕೊಂಡು ಪೇಟೆಯಲ್ಲಿ ಮೈಕ್ ಬಾಡಿಗೆಗೆ ಕೊಡುತ್ತಿದ್ದವರ ಅಂಗಡಿಗೆ ಹೋದೆ. ಅವರು ಸ್ಪೀಕರನ್ನು ಬೆಳಕಿಗೆ ಹಿಡಿದು ನೋಡಿ, "ಇದೆಂತ ಮಾಡಿದ್ದು ಮಾರಾಯ? ಈ ಅಂಚು ಆಡಬೇಕು. ಆಡದಿದ್ದರೆ ಸ್ವರ ಹೊರಡುವುದು ಎಲ್ಲಿಂದ?" ಎಂದರು. ಆಮೇಲೆ ನಕ್ಕು, "ಮದ್ದಳೆಗೆ ಕರಣೆ ಹಾಕುವುದನ್ನು ಒಮ್ಮೆ ನೋಡಿ ಬಾ. ಅವರು ಇಡೀ ಚರ್ಮಕ್ಕೆ ಬಳಿಯುತ್ತಾರಾ?" ಎಂದು ಕೇಳಿದರು.

ನೋಡಿ ಬಂದೆ. ಪೇಟೆಯ ಹೊರಗೆ, ಹೊಳೆಯ ಕಡೆಯ ಒಂದು ಅಂಗಳದಲ್ಲಿ ವೃದ್ಧರೊಬ್ಬರು ಮದ್ದಳೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದರು. ಕಬ್ಬಿಣದ ಅಂಶವುಳ್ಳ ಕಪ್ಪು ಕಲ್ಲಿನ ಪುಡಿಯನ್ನು ಅನ್ನದೊಂದಿಗೆ ಅರೆದ ಮುದ್ದೆ ಪಕ್ಕದಲ್ಲಿತ್ತು. ಚಿಟಿಕೆಯಷ್ಟು ತೆಗೆದು ಬಲಮುಚ್ಚಿಗೆಯ ನಡುವೆ ಹಚ್ಚಿ ನುಣುಪು ಕಲ್ಲಿನಿಂದ ತಿಕ್ಕುವುದು. ಒಣಗುವ ತನಕ ತಿಕ್ಕಿ, ಬೆರಳಿನಿಂದ ನುಡಿಸಿ, ಕಿವಿಗೊಟ್ಟು, ಮತ್ತೊಂದು ಚಿಟಿಕೆ ಹಚ್ಚುವುದು. ತಿಕ್ಕಿದಂತೆ ಕಪ್ಪು ಲೇಪದಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತಿದ್ದವು. ಅದು ದೋಷವೆಂದು ನಾನು ತಿಳಿದಿದ್ದೆ. ಆ ಬಿರುಕುಗಳಿಂದಲೇ ಲೇಪ ಚರ್ಮದೊಂದಿಗೆ ಬಳುಕಬಲ್ಲದು, ಇಲ್ಲದಿದ್ದರೆ ಹಲಗೆಯಂತೆ ಬಿಗಿದುಕೊಂಡೀತು ಎಂದು ಅವರು ತುಳುವಿನಲ್ಲಿ ವಿವರಿಸಿದರು. ಎಡಮುಚ್ಚಿಗೆಗೆ ಹಾಕುವುದು ಬೋನ, ಅಂದರೆ ಅನ್ನದ ಮೆತ್ತನೆಯ ಲೇಪ; ಅದು ಆಟ ಮುಗಿದ ಮೇಲೆ ಕೆರೆದು ತೆಗೆಯುವಂಥದು. ಕರಣೆ ಮಾತ್ರ ಅಲ್ಲೇ ಉಳಿಯಬೇಕಾದದ್ದು. ಬೆಳಗ್ಗೆ ಕುಳಿತವರು ಏಳುವಾಗ ಮಧ್ಯಾಹ್ನ ಕಳೆದಿತ್ತು.

ಈ ವಿದ್ಯೆ ಎಷ್ಟು ಹಳೆಯದು? ಸುಮಾರು 2000 ವರ್ಷಗಳ ಹಿಂದಿನದೆಂದು ಭಾವಿಸಲಾದ ಭರತನ ನಾಟ್ಯಶಾಸ್ತ್ರದಲ್ಲಿಯೇ ಚರ್ಮವಾದ್ಯಗಳ ಮುಖಕ್ಕೆ ಮಣ್ಣು ಸವರಿ ಶ್ರುತಿ ಕೂಡಿಸುವ ಕ್ರಮದ ವಿವರಣೆಯಿದೆ. ಮಣ್ಣಿನಲ್ಲಿ ಕಲ್ಲು, ಮರಳು, ಹುಲ್ಲು ಇರಬಾರದು; ನದೀತೀರದ ಕಪ್ಪು ಮಣ್ಣು ಉತ್ತಮ; ಸಿಗದಿದ್ದರೆ ಗೋಧಿಯ ಅಥವಾ ಜವೆಯ ಹಿಟ್ಟು ಆದೀತು. ಮೃದಂಗವೆಂಬ ಹೆಸರಿನಲ್ಲಿ 'ಮೃತ್' ಎಂಬ ಶಬ್ದ, ಅಂದರೆ ಮಣ್ಣು, ಇಂದಿಗೂ ಸೇರಿಕೊಂಡಿದೆ. ಹೊಳೆಯ ಮಣ್ಣಿನಿಂದ ಕರಣೆಯವರೆಗಿನ ಈ ದಾರಿಯನ್ನು ಬರೆದಿಟ್ಟವರಿಗಿಂತ ಕೈಯಿಂದ ಕೈಗೆ ದಾಟಿಸಿದವರೇ ಹೆಚ್ಚು.

ಇದರ ಗುಟ್ಟನ್ನು ವಿಜ್ಞಾನದ ಭಾಷೆಯಲ್ಲಿ ಮೊದಲು ಹೇಳಿದವರು ಸರ್ ಸಿ.ವಿ. ರಾಮನ್. ಒಂದೇ ದಪ್ಪದ ಚರ್ಮವನ್ನು ಬಿಗಿದು ಬಡಿದರೆ ಅದು ಹಲವು ರೀತಿಗಳಲ್ಲಿ ಏಕಕಾಲಕ್ಕೆ ಕಂಪಿಸುತ್ತದೆ. ಮೂಲಸ್ವರವನ್ನು 1 ಎಂದು ಇಟ್ಟುಕೊಂಡರೆ ಮೇಲಿನವು 1.59, 2.14, 2.30 ಹೀಗೆ ಏರುತ್ತವೆ. ಇವು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ಬರುವುದು ಸದ್ದು, ಸ್ವರವಲ್ಲ. ತಂತಿಯಲ್ಲಾದರೋ 1, 2, 3 ಎಂಬ ಪೂರ್ಣಾಂಕಗಳ ಕ್ರಮ. ಚರ್ಮವನ್ನೂ ತಂತಿಯಂತೆ ಹಾಡಿಸಬಹುದೆ? ಹಾಡಿಸಬಹುದು, ಭಾರತೀಯರು ಹಾಡಿಸಿದ್ದಾರೆ ಎಂದು ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡಗೂಡಿ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತಾರವಾಗಿ ಬರೆದರು. ಮುಚ್ಚಿಗೆಯ ಮೇಲೆ ಮರಳು ಉದುರಿಸಿ, ಅದು ಕಂಪಿಸದ ಗೆರೆಗಳಲ್ಲಿ ಬಂದು ನಿಲ್ಲುವ ಚಿತ್ರಗಳನ್ನು ತೆಗೆದರು. ನಡುವಿನ ಕರಿಯ ಭಾರದಿಂದಾಗಿ ಮೊದಲ ಒಂಬತ್ತು ಕಂಪನರೀತಿಗಳು ಐದೇ ಸ್ವರಗಳಾಗಿ ಗುಂಪುಗೂಡುತ್ತವೆ, ಆ ಐದೂ ಪೂರ್ಣಾಂಕಗಳ ಕ್ರಮಕ್ಕೆ ಬಂದು ಸೇರುತ್ತವೆ ಎಂದು ಕಂಡುಕೊಂಡರು. 1954ರಲ್ಲಿ ಬೆಂಗಳೂರಿನ ಬಿ.ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿ ಅವರು ಗಣಿತದಿಂದ ಇದನ್ನೇ ಸಾಧಿಸಿದರು: ಕಪ್ಪು ವೃತ್ತದ ತ್ರಿಜ್ಯ ಮುಚ್ಚಿಗೆಯ ತ್ರಿಜ್ಯದ ಹತ್ತರಲ್ಲಿ ನಾಲ್ಕು ಪಾಲು, ಅಲ್ಲಿನ ಭಾರ ಬರಿಯ ಚರ್ಮಕ್ಕಿಂತ ಸುಮಾರು ಹತ್ತು ಪಟ್ಟು ಇದ್ದರೆ ಸ್ವರಗಳು ಕೂಡುತ್ತವೆ. ಅಂಗಳದ ವೃದ್ಧರು ಈ ಲೆಕ್ಕವನ್ನು ಚಿಟಿಕೆಗಳಲ್ಲಿ ಮಾಡುತ್ತಿದ್ದರು.

ಇನ್ನು ಧ್ವನಿವರ್ಧಕದ ಕಡೆಗೆ ಬರೋಣ. ಇಂದು ಮನೆಮನೆಯಲ್ಲಿರುವ, ಕಾಗದದ ಶಂಕುವನ್ನು ತಂತಿಸುರುಳಿಯಿಂದ ಅಲುಗಿಸುವ ಸ್ಪೀಕರಿಗೆ ತಳಹದಿ ಹಾಕಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಅವರ ಪ್ರಬಂಧ 1925ರದು. ತಗ್ಗುಸ್ವರದಲ್ಲಿ ಶಂಕು ಇಡಿಯಾಗಿ ಹಿಂದುಮುಂದಕ್ಕೆ ಚಲಿಸುತ್ತದೆ. ಸ್ವರ ಏರಿದಂತೆ ಕಾಗದದ ಮೈಯಲ್ಲೇ ಅಲೆಗಳು ಎದ್ದು, ಅಂಚಿಗೆ ತಾಗಿ ಮರಳಿ, ಹೊಳೆಯ ದಡದಲ್ಲಿ ನೀರು ಕಲಕಿದಂತೆ ಒಂದನ್ನೊಂದು ಕದಡುತ್ತವೆ. ಆಗ ಸ್ಪೀಕರು ಭಾಗವತರ ಕಂಠಕ್ಕೆ ತನ್ನ ಕಂಠವನ್ನೂ ಸೇರಿಸುತ್ತದೆ. ಇದನ್ನು ಅಡಗಿಸಲು ತಯಾರಕರು ಕಾಗದಕ್ಕೂ ಅಂಚಿಗೂ ಅಂಟುಅಂಟಾದ, ಪೂರ್ತಿ ಗಟ್ಟಿಯಾಗದ ಲೇಪಗಳನ್ನು ಬಳಿದರು. 1960ರ ದಶಕದಲ್ಲಿ ಬಿ.ಬಿ.ಸಿ.ಯ ಎಂಜಿನಿಯರುಗಳು ಕಾಗದವನ್ನು ಬಿಟ್ಟು ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕನ್ನು ಆರಿಸಿಕೊಂಡಾಗಲೂ ಅದಕ್ಕೊಂದು ಲೇಪ ಬೇಕೇ ಬೇಕಾಯಿತು. 1970ರ ದಶಕದಲ್ಲಿ ಅಲ್ಲಿನ ಡಡ್ಲಿ ಹಾರ್ವುಡ್ ಅವರ ಪರಿಶ್ರಮದಿಂದ ಪಾಲಿಪ್ರೊಪಿಲೀನಿನ ಶಂಕು ಬಂದಿತು. ಅದರ ಮೈಗುಣದಲ್ಲೇ ಅಲೆಗಳನ್ನು ನುಂಗುವ ಶಕ್ತಿಯಿದ್ದುದರಿಂದ ಲೇಪದ ಹಂಗು ತಪ್ಪಿತು.

ಹವ್ಯಾಸಿಗಳ ಲೋಕ ಬೇರೆಯೇ. ಆಸ್ಟ್ರಿಯದ ಪಿಟೀಲು ತಯಾರಕ ಡೀಟರ್ ಎನ್ನೆಮೋಸರ್ ಅವರು ಸಿ-37 ಎಂಬ ಮೆರುಗೆಣ್ಣೆಯನ್ನು ಸ್ಪೀಕರುಗಳಿಗೂ ಬಳಿಯಲು ಹೇಳಿದರು. ಇನ್ನು ಕೆಲವರು ಶಂಕುವಿನ ಒಳಹೊರ ಅಂಚುಗಳಲ್ಲಿ ರಂಗೋಲಿಯಂತೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳ ಸಾಲನ್ನಿಡುತ್ತಾರೆ. ನಾದ ತಿಳಿಯಾಯಿತೆಂದು ಬಳಿದವರು ಹೇಳುತ್ತಾರೆ. ಅಳತೆಯಲ್ಲಿ ಅಷ್ಟು ವ್ಯತ್ಯಾಸ ಎಲ್ಲಿದೆ ಎಂದು ಎಂಜಿನಿಯರುಗಳು ಕೇಳುತ್ತಾರೆ. ನನಗೆ ಇಬ್ಬರ ಮೇಲೂ ಗೌರವವಿದೆ. ಆದರೆ ತಾನೇ ಬಳಿದವನ ಕಿವಿ ನಿಷ್ಪಕ್ಷಪಾತಿಯಲ್ಲ. ಒಂದೇ ಬಗೆಯ ಎರಡು ಸ್ಪೀಕರುಗಳಲ್ಲಿ ಒಂದಕ್ಕೆ ಮಾತ್ರ ಬಳಿದು, ಎರಡನ್ನೂ ಸಮನಾದ ಗಟ್ಟಿಯಲ್ಲಿ ತೆರೆಯ ಹಿಂದೆ ನುಡಿಸಿ, ಯಾವುದು ಯಾವುದೆಂದು ತಿಳಿಯದವರಿಂದ ಕೇಳಿಸಬೇಕು. ವಾರ್ನಿಷ್ ಒಣಗಿದಾಗ ಒಡಕು ಹೋಯಿತೆಂದು ಒಂದು ಗಳಿಗೆ ನಾನೂ ಹಿಗ್ಗಿದವನೇ ಅಲ್ಲವೆ?

ಈ ಎರಡು ಲೇಪಗಳ ಗುರಿ ಒಂದೇ ಅಲ್ಲ ಎಂಬುದು ನನಗೆ ಬಹು ತಡವಾಗಿ ಹೊಳೆಯಿತು. ಮದ್ದಳೆಗೆ ತನ್ನದೇ ಕಂಠ ಬೇಕು. ಕರಣೆ ಅದರ ಕಂಪನಗಳನ್ನು ಅಡಗಿಸದೆ ಶ್ರುತಿಗೆ ಕೂಡಿಸುತ್ತದೆ. ಸ್ಪೀಕರಿಗೆ ತನ್ನದೆಂಬ ಕಂಠವೇ ಇರಬಾರದು. ಅದರ ಲೇಪ ಕಾಗದವನ್ನು ಮೌನವಾಗಿಸಿ ಇನ್ನೊಬ್ಬರ ದನಿಗೆ ದಾರಿ ಬಿಡಿಸುತ್ತದೆ. ಎರಡರಲ್ಲೂ ಎಲ್ಲಿ, ಎಷ್ಟು ಎಂಬ ವಿವೇಕವೇ ವಿದ್ಯೆ. ನಾನು ಎಲ್ಲೆಲ್ಲೂ ಬಳಿದಿದ್ದೆ. ಆಡಬೇಕಾದ ಅಂಚು ಬಿಗಿದುಕೊಂಡು ತಗ್ಗುಸ್ವರ ಸತ್ತಿತು. ಶಂಕುವಿನ ಭಾರ ಹೆಚ್ಚಿ ದನಿ ಕುಗ್ಗಿತು.

ಮೈಕಿನ ಅಂಗಡಿಯವರು ಹೊಸ ಕಾಗದ ಕೂಡಿಸಿ ರೇಡಿಯೊವನ್ನು ಮರಳಿ ಕೊಟ್ಟರು. ಮುಂದಿನ ತಾಳಮದ್ದಳೆಯ ಹೊತ್ತಿಗೆ ಅಪ್ಪ ಚಾವಡಿಯಲ್ಲಿ ತಮ್ಮ ಜಾಗದಲ್ಲೇ ಇದ್ದರು. ಮದ್ದಳೆಯ ಮೊದಲ ನುಡಿತ ಕೇಳಿದಾಗ ಅವರು ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೆ. ಅಂದು ನುಡಿಸಿದವರ ಹೆಸರು, ಹಾಡಿದವರ ಹೆಸರು, ಅರ್ಥ ಹೇಳಿದವರ ಹೆಸರು ಎಲ್ಲವನ್ನೂ ನಿಲಯದವರು ಕ್ರಮವಾಗಿ ಹೇಳಿದರು. ಆ ಮದ್ದಳೆಗೆ ಕರಣೆ ಹಾಕಿದವರ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ.

2020ರಲ್ಲಿ ಗಾಯಕ ಟಿ.ಎಂ. ಕೃಷ್ಣ ಅವರು ಮೃದಂಗ ತಯಾರಕರನ್ನು ಕುರಿತು 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಗ್ರಂಥ ಬರೆದರು. ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗಗಳನ್ನು ಮಾಡಿದ ಪರ್ಲಾಂದು ಅವರ ಹೆಸರು ಅದರಿಂದ ಅನೇಕರಿಗೆ ತಿಳಿಯಿತು. ಫರ್ನಾಂಡಿಸ್ ಎಂಬ ಫರಂಗಿ ಹೆಸರೇ ತಮಿಳಿನ ನಾಲಗೆಯಲ್ಲಿ ಪರ್ಲಾಂದು ಆದದ್ದು. ನಮ್ಮ ಊರಿನ ಹೆಸರನ್ನು ಬಲ್ಲ ನನಗೆ ಅದು ಆಪ್ತವೆನಿಸಿತು. ಚರ್ಮವನ್ನು ಮುಟ್ಟಿದ ಕೈಗಳನ್ನು ದೂರವಿಟ್ಟು ಆ ಚರ್ಮದ ನಾದವನ್ನು ಮಾತ್ರ ಒಳಗೆ ಕರೆದುಕೊಂಡ ಸಮಾಜ ನಮ್ಮದು.

ಅನ್ಯರನ್ನು ದೂರಲು ನನಗೂ ಅಧಿಕಾರವಿಲ್ಲ. ಬೆಳಗ್ಗಿನಿಂದ ಮಧ್ಯಾಹ್ನದ ತನಕ ಆ ಅಂಗಳದಲ್ಲಿ ಕೂತಿದ್ದೆ. ಪುಡಿಯ ಹೆಸರು, ಕಲ್ಲಿನ ಹೆಸರು, ಲೇಪದ ಹೆಸರು ಎಲ್ಲವನ್ನೂ ಕೇಳಿದೆ. ಆ ವೃದ್ಧರ ಹೆಸರನ್ನು ಮಾತ್ರ ಕೇಳಲಿಲ್ಲ.