ದೇವರಾಜನ ಮಾರುವೇಷ, ಹಾಸ್ಯಗಾರನ ಮಾತು: ‘ಆಂಫಿಟ್ರಿಯೋನ್’ ಚಿತ್ರ ಮತ್ತು ಘಟ್ಟದ ಮೇಲಿನ ಯಕ್ಷಗಾನ

1935ರಲ್ಲಿ ಬರ್ಲಿನ್‌ನಲ್ಲಿ ತೆರೆಕಂಡ ‘ಆಂಫಿಟ್ರಿಯೋನ್’ ಉಫಾ ಸಂಸ್ಥೆಯ ಸಂಗೀತಮಯ ಹಾಸ್ಯಚಿತ್ರ. ನಿರ್ದೇಶನ ರೈನ್‌ಹೋಲ್ಡ್ ಶ್ಯುಂಟ್ಸೆಲ್‌ನದು, ಸಂಗೀತ ಫ್ರಾಂಟ್ಸ್ ಡೋಲೆಯದು. ಥೀಬ್ಸಿನ ದಂಡನಾಯಕ ಯುದ್ಧಕ್ಕೆ ಹೋಗಿರುವಾಗ ದೇವರಾಜ ಜ್ಯೂಪಿಟರ್ ಅವನದೇ ರೂಪ ತಳೆದು ಅವನ ಮಡದಿಯ ಮನೆಗೆ ಇಳಿದು ಬರುತ್ತಾನೆ. ಪ್ಲಾಟಸ್, ಮೋಲಿಯೇರ್, ಕ್ಲೈಸ್ಟ್ ಮೊದಲೇ ನಾಟಕವಾಗಿಸಿದ ಕಥೆ ಇದು. ನಮಗೆ ಗೌತಮನ ರೂಪದ ಇಂದ್ರ ನೆನಪಾಗುವುದು ಸಹಜ. ಆದರೆ ಅಹಲ್ಯೆಯ ಕಥೆ ಶಾಪಕ್ಕೆ ತಿರುಗುತ್ತದೆ. ಅಲ್ಲಿ ನಗುವಿಗೆ ಎಡೆಯಿಲ್ಲ. ಚಿತ್ರಕ್ಕೆ ನಿಜವಾದ ನೆಂಟಸ್ತನವಿರುವುದು ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಬಡಗುತಿಟ್ಟಿನ ಹಾಸ್ಯಗಾರನೊಡನೆ ಎಂಬುದು ನನ್ನ ವಾದ.

ಚಿತ್ರದಲ್ಲಿ ಪೌಲ್ ಕೆಂಪ್ ಎರಡು ಪಾತ್ರ ಮಾಡಿದ್ದಾನೆ: ದೇವದೂತ ಮರ್ಕ್ಯುರಿ ಮತ್ತು ದಂಡನಾಯಕನ ಆಳು ಸೋಸಿಯಾಸ್. ದೇವಲೋಕದಲ್ಲಿ ಗಾಲಿಬೂಟು ಕಟ್ಟಿಕೊಂಡು ಜಾರುವವನೂ ಭೂಮಿಯಲ್ಲಿ ಹೆದರಿ ನಡುಗುವವನೂ ಒಬ್ಬನೇ ನಟ. ಯಕ್ಷಗಾನ ಕಂಡವರಿಗೆ ಇದು ಹೊಸತಲ್ಲ. ಒಂದೇ ರಾತ್ರಿಯಲ್ಲಿ ಹಾಸ್ಯಗಾರ ದೇವೇಂದ್ರನ ಚಾರಕನಾಗುತ್ತಾನೆ, ಬ್ರಾಹ್ಮಣನಾಗುತ್ತಾನೆ, ಮುದುಕಿಯೂ ಆಗುತ್ತಾನೆ. ಸ್ವರ್ಗಕ್ಕೆ ರಕ್ಕಸರ ದಾಳಿಯಾದಾಗ ಓಡಿಬಂದು ಸುದ್ದಿ ಹೇಳುವ ಚಾರಕನ ಏದುಸಿರಿನಲ್ಲೇ ದೇವತೆಗಳ ಪುಕ್ಕಲುತನ ಬಯಲಾಗುತ್ತದೆ. ಅವನು ಭಾಗವತರನ್ನೇ ಮಾತಿಗೆ ಎಳೆಯುತ್ತಾನೆ, ಹವಿಗನ್ನಡದಲ್ಲಿ ಅಡಕೆ ಧಾರಣೆಯ ಮಾತೆತ್ತುತ್ತಾನೆ. ಅಲ್ಲಿಗೆ ಅಮರಾವತಿ ಊರ ಅಂಗಳಕ್ಕೆ ಬಂದಂತೆ. ‘ಚಂದ್ರಾವಳಿ ವಿಲಾಸ’ದಲ್ಲಿ ಮಾರುವೇಷದ ಕೃಷ್ಣ ಏಮಾರಿಸುವ ಗಂಡ ಚಂದಗೋಪನೂ ಹಾಸ್ಯಗಾರನ ವೇಷವೇ.

ವ್ಯತ್ಯಾಸವಿರುವುದು ನಗು ಯಾರ ಮೇಲೆ ಬೀಳುತ್ತದೆ ಎಂಬಲ್ಲಿ. ಶ್ಯುಂಟ್ಸೆಲ್‌ನ ಜ್ಯೂಪಿಟರ್ ಹೆಂಡತಿ ಜೂನೋಗೆ ಅಂಜುವ ಮುದಿ ಗಂಡ. 1935ರ ಬರ್ಲಿನ್‌ನಲ್ಲಿ ಅವನಿಗೆ ಪೂಜೆಯಿಲ್ಲ, ಹರಕೆಯಿಲ್ಲ. ಹಾಗಾಗಿ ಆ ನಗು ದೇವರನ್ನು ದಾಟಿ, ಬೃಹತ್ ಕಂಬಗಳ ನಡುವೆ ಮೆರವಣಿಗೆ ಹೊರಡಿಸುತ್ತಿದ್ದ ಅಂದಿನ ಆಳುವವರಿಗೇ ತಗಲುತ್ತದೆ ಎಂದು ಹಲವು ವಿಮರ್ಶಕರು ಓದಿದ್ದಾರೆ. ನನಗೂ ಆ ಓದು ಒಪ್ಪಿಗೆ. ನಾಜಿ ಕಾನೂನಿನ ಕಣ್ಣಲ್ಲಿ ಅರೆಯಹೂದಿಯಾಗಿದ್ದ ನಿರ್ದೇಶಕ ವಿಶೇಷ ಅನುಮತಿಯ ಮೇಲೆ ದುಡಿಯುತ್ತಿದ್ದ. 1937ರಲ್ಲಿ ದೇಶ ಬಿಟ್ಟ.

ಘಟ್ಟದ ಮೇಲೆ ಹಾಗಲ್ಲ. ಚೌಕಿಯಲ್ಲಿ ಗಣಪತಿಗೆ ಆರತಿಯಾದ ಮೇಲೆಯೇ ಆಟ. ರಂಗಕ್ಕೆ ಬರುವ ಕೃಷ್ಣ, ಶಿವ ಪ್ರೇಕ್ಷಕರ ಮನೆದೇವರೂ ಆಗಿರಬಹುದು. ‘ಭಸ್ಮಾಸುರ ಮೋಹಿನಿ’ಯಲ್ಲಿ ತಾನೇ ಕೊಟ್ಟ ವರಕ್ಕೆ ಹೆದರಿ ಶಿವ ಓಡುತ್ತಾನೆ, ಆದರೂ ಭಕ್ತಿ ಕುಂದುವುದಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಲು ಜನ ಮುಗಿಬೀಳುತ್ತಿದ್ದರು, ಶಿವನನ್ನು ಹಂಗಿಸಲು ಅಲ್ಲ. ಲೇವಡಿಗೆ ಸಲೀಸಾಗಿ ಸಿಗುವವನು ಇಂದ್ರ, ಏಕೆಂದರೆ ಊರಲ್ಲಿ ಅವನಿಗೆ ಗುಡಿಯಿಲ್ಲ. ಪೂಜೆಗೊಳ್ಳುವ ದೇವರ ವಿಷಯ ಬಂದಾಗ ನಗು ಹಾಸ್ಯಗಾರನ ಮೈಮೇಲೆ ಹಾದುಹೋಗಬೇಕು. ಹದ ಮೀರಿತೆನಿಸಿದರೆ ಭಾಗವತರು ಮುಂದಿನ ಪದ ಎತ್ತಿಕೊಳ್ಳುತ್ತಾರೆ.

ಈ ವಾದಕ್ಕೆ ಆಧಾರ ಒದಗಿಸುವುದೇ ಕಷ್ಟ. ಅಚ್ಚಾದ ಪ್ರಸಂಗಗಳಲ್ಲಿ ಪದ್ಯಗಳಿರುತ್ತವೆ, ಹಾಸ್ಯಗಾರನ ಆಶುಮಾತು ಇರುವುದಿಲ್ಲ. ಕೆಂಪ್‌ನ ಒಂದೊಂದು ಮಾತೂ ರೀಲಿನಲ್ಲಿ ಉಳಿದಿದೆ. ಮೂರು ತಾಲೂಕುಗಳ ಹಿರಿಯ ಹಾಸ್ಯಗಾರರ ಮಾತುಗಾರಿಕೆಯನ್ನು ಪ್ರಸಂಗವಾರು ಧ್ವನಿಮುದ್ರಿಸಿ, ಭಾಗವತರ ಮರುಮಾತು ಹಾಗೂ ಸಭೆಯ ನಗುವಿನ ಸಮೇತ ಬರಹಕ್ಕಿಳಿಸುವ ಕೆಲಸ ಈಗಲೇ ಆಗಬೇಕಿದೆ.