ಬಿಟ್ಟಿದ್ದಾ, ಬಿಡಿಸಿದ್ದಾ?

"ನೀವೇ ರಾಜೀನಾಮೆ ಬರೆದುಕೊಟ್ಟುಬಿಡಿ, ನಿಮಗೇ ಒಳ್ಳೇದು." ಎಚ್‌ಆರ್ ಕೋಣೆಯಲ್ಲಿ ಈ ಮಾತು ಕೇಳಿಸಿಕೊಂಡವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ? ಆ ಒಂದು ಹಾಳೆಯ ಬೆಲೆ ಗೊತ್ತಾಗಬೇಕಾದರೆ ನೂರು ವರ್ಷ ಹಿಂದಕ್ಕೆ, ಬ್ರಿಟನ್ನಿಗೆ ಹೋಗಬೇಕು.

1911ರಲ್ಲಿ ಅಲ್ಲಿ ರಾಷ್ಟ್ರೀಯ ವಿಮಾ ಕಾಯ್ದೆ ಬಂತು. ಕಟ್ಟಡ, ಹಡಗು ನಿರ್ಮಾಣ, ಎಂಜಿನಿಯರಿಂಗ್‌ನಂಥ ಕೆಲವು ಕಸುಬುಗಳ ಕಾರ್ಮಿಕರಿಗೆ ನಿರುದ್ಯೋಗ ವಿಮೆ. ಕಾರ್ಮಿಕ ವಾರಕ್ಕೆ ಎರಡೂವರೆ ಪೆನ್ನಿ ಕಟ್ಟಬೇಕು, ಮಾಲೀಕನೂ ಅಷ್ಟೇ, ಜೊತೆಗೆ ಸರ್ಕಾರದ ಪಾಲು. ಕೆಲಸ ಹೋದರೆ ವಾರಕ್ಕೆ 7 ಶಿಲಿಂಗ್, ವರ್ಷಕ್ಕೆ ಹೆಚ್ಚೆಂದರೆ 15 ವಾರ. ಆದರೆ ನ್ಯಾಯವಾದ ಕಾರಣವಿಲ್ಲದೆ ತಾನಾಗಿ ಬಿಟ್ಟರೆ, ಇಲ್ಲವೇ ದುರ್ನಡತೆಯಿಂದ ಕೆಲಸ ಕಳೆದುಕೊಂಡರೆ, ಆರು ವಾರ ಬಿಡಿಗಾಸೂ ಇಲ್ಲ!

ಯೋಜನೆ ಇನ್ನೂ ಕಾಗದದ ಮೇಲಿದ್ದಾಗ, 1909ರಲ್ಲಿ, ಇದಕ್ಕೆ ತಕರಾರು ತೆಗೆದವರು ಯಾರು ಗೊತ್ತೇ? ಆಗ ವಾಣಿಜ್ಯ ಮಂಡಳಿಯ ಅಧ್ಯಕ್ಷರಾಗಿದ್ದ ವಿನ್‌ಸ್ಟನ್ ಚರ್ಚಿಲ್. ಅವರ ವಾದ ಸರಳ: ಆತ ಕಂತು ಕಟ್ಟಿದ್ದಾನೆ, ಕುಡಿದು ಕೆಲಸ ಕಳಕೊಂಡಿದ್ದರೂ ಹಣ ಕೊಡಿ, ಲೆಕ್ಕದ ಜೊತೆ ನೀತಿಪಾಠ ಬೆರೆಸಬೇಡಿ. ಚರ್ಚಿಲ್ ಸೋತರು, ನೀತಿಪಾಠ ಗೆದ್ದಿತು. 1986ರಲ್ಲಿ ಆ ಆರು ವಾರ 13 ಆಯಿತು, 1988ರಲ್ಲಿ 26. ಅಂದರೆ ಅರ್ಧ ವರ್ಷ!

ಆದರೂ ಆ ಕಾನೂನಿನಲ್ಲಿ ಒಂದು ಕಿಟಕಿ ಇತ್ತು: "ನ್ಯಾಯವಾದ ಕಾರಣ". ಬಿಟ್ಟವನು ಯಾಕೆ ಬಿಟ್ಟೆ ಅಂತ ಹೇಳಿಕೊಳ್ಳಬಹುದಿತ್ತು. ಕೇಳೋಕೆ ಮಾಲೀಕರ ಕಡೆಯವರೊಬ್ಬರು, ಕಾರ್ಮಿಕರ ಕಡೆಯವರೊಬ್ಬರು ಕೂರುವ ಪಂಚಾಯ್ತಿಯೂ ಇತ್ತು.

ಈಗ ನಮ್ಮಲ್ಲಿಗೆ ಬನ್ನಿ. ಇಎಸ್‌ಐ ಕಾಯ್ದೆ ಬಂದದ್ದು 1948ರಲ್ಲಿ. ಅದರಡಿ ನಿರುದ್ಯೋಗ ಭತ್ಯೆ ಬರೋಕೆ 2005ರವರೆಗೆ ಕಾಯಬೇಕಾಯಿತು. ಆ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಯಾರಿಗೆ? ಕಾರ್ಖಾನೆ ಮುಚ್ಚಿದರೆ, ಹೆಚ್ಚುವರಿ ಅಂತ ತೆಗೆದುಹಾಕಿದರೆ, ಇಲ್ಲವೇ ಶಾಶ್ವತ ಅಂಗವಿಕಲತೆ ಬಂದರೆ. 2018ರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲೂ ದುರ್ನಡತೆಗೆ ಶಿಕ್ಷೆಯಾದವರು, ಸ್ವಯಂನಿವೃತ್ತಿ ಪಡೆದವರು ಹೊರಗೆ.

ಹೀಗಿರುವಾಗ ಬಲವಂತದ ರಾಜೀನಾಮೆ ಯಾರಿಗೆ ಒಳ್ಳೇದು? ತೆಗೆದುಹಾಕಿದರೆ ಪರಿಹಾರ ಕೊಡಬೇಕಾಗುತ್ತೆ. ನೀವೇ ಬಿಟ್ಟರೆ ಲೆಕ್ಕ ಚುಕ್ತಾ. ಕಾಗದದಲ್ಲಿ ಇರೋದು "ವೈಯಕ್ತಿಕ ಕಾರಣ" ಅನ್ನೋ ಎರಡೇ ಪದ. ಕಾರಣ ಅವರದು, ಸಹಿ ಮಾತ್ರ ನಿಮ್ಮದು.

ಸ್ವಾಮಿ, ಪೆನ್ನು ತೆಗೆಯೋ ಮುಂಚೆ ಒಂದು ರಾತ್ರಿ ಟೈಮ್ ಕೇಳಿ.