ಸ್ಟ್ಯಾನ್‌ಫರ್ಡ್ ಗುಂಪು ಚಿಕಿತ್ಸೆಯ ಎರಡು ವರದಿಗಳು: ಕ್ಯಾನ್ಸರ್ ರೋಗಿಗಳ ಮಾನಸಿಕ ಆಸರೆಯ ಚರಿತ್ರೆಯಲ್ಲೊಂದು ತಪ್ಪು ಓದು

ದೇಹದ ಬೇರೆಡೆಗೂ ಹರಡಿದ ಸ್ತನ ಕ್ಯಾನ್ಸರ್ ಇದ್ದ ಮಹಿಳೆಯರಿಗಾಗಿ 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಗುಂಪು ಚಿಕಿತ್ಸೆಯ ಬಗ್ಗೆ ಎರಡು ಮುಖ್ಯ ವರದಿಗಳಿವೆ. ಮೊದಲನೆಯದು 1981ರಲ್ಲಿ ‘ಆರ್ಕೈವ್ಸ್ ಆಫ್ ಜನರಲ್ ಸೈಕಿಯಾಟ್ರಿ’ಯಲ್ಲಿ ಬಂತು, ಡೇವಿಡ್ ಸ್ಪೀಗೆಲ್, ಜೋನ್ ಬ್ಲೂಮ್ ಮತ್ತು ಅರ್ವಿನ್ ಯಾಲೊಮ್ ಅದರ ಲೇಖಕರು. ಎರಡನೆಯದು 1989ರ ಅಕ್ಟೋಬರ್‌ನಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು, ಅದರಲ್ಲಿ ಯಾಲೊಮ್ ಇಲ್ಲ, ಸಂಖ್ಯಾಶಾಸ್ತ್ರಜ್ಞೆ ಹೆಲೆನಾ ಕ್ರೇಮರ್ ಇದ್ದಾರೆ. ಎರಡಕ್ಕೂ ಆಧಾರ ಅದೇ 86 ಮಹಿಳೆಯರು. ಮೊದಲ ವರದಿ ಆ ಮಹಿಳೆಯರ ಮನಸ್ಸು ಹೇಗಿತ್ತು ಎಂದು ಕೇಳಿತು. ಎರಡನೆಯದು ಅವರು ಎಷ್ಟು ಕಾಲ ಬದುಕಿದರು ಎಂದು ಕೇಳಿತು. ನಂತರದ ಚರಿತ್ರೆಕಾರರ ಕಣ್ಣೆಲ್ಲ ಎರಡನೆಯದರ ಮೇಲೆಯೇ ನೆಟ್ಟಿತು. ಹಾಗಾಗಿ ಕ್ಯಾನ್ಸರ್ ರೋಗಿಗಳಿಗೆ ಮಾನಸಿಕ ಆಸರೆ ಕೊಡುವ ಶಾಸ್ತ್ರ 1989ರಲ್ಲಿ ಗೆದ್ದು 2001ರಲ್ಲಿ ಸೋತಿತು ಎಂಬ ಕಥನವೊಂದು ಪರಿಚಯ ಲೇಖನಗಳಲ್ಲೂ ಕೈಪಿಡಿಗಳಲ್ಲೂ ನೆಲೆಯೂರಿದೆ. ಈ ಕಥನ ದಾಖಲೆಗೆ ಹೊಂದುವುದಿಲ್ಲ.

ವಿವಾದದ ಮೂಲ ಲ್ಯಾನ್ಸೆಟ್ ವರದಿಯ ಒಂದು ಜೋಡಿ ಅಂಕಿ. ಗುಂಪು ಚಿಕಿತ್ಸೆಗೆ ಆಯ್ಕೆಯಾದ 50 ಮಹಿಳೆಯರು ಅಧ್ಯಯನಕ್ಕೆ ಸೇರಿದ ದಿನದಿಂದ ಸರಾಸರಿ 36.6 ತಿಂಗಳು ಬದುಕಿದ್ದರು. ನಿಯಂತ್ರಣ ಗುಂಪಿನ 36 ಮಂದಿ 18.9 ತಿಂಗಳು. ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ ಒಂದು ವರ್ಷ ಕೂತು ಮಾತಾಡಿದ್ದರಿಂದ ಆಯುಸ್ಸು ಇಮ್ಮಡಿಯಾಯಿತು ಎಂದು ಪತ್ರಿಕೆಗಳು ಬರೆದವು. ಇದೇ ಅಂಕಿಗಳ ಪಕ್ಕದಲ್ಲಿ, ಆವರಣದೊಳಗೆ, ಇನ್ನೆರಡು ಅಂಕಿಗಳಿವೆ. ಅವನ್ನು ಉಲ್ಲೇಖಿಸಿದವರು ವಿರಳ. ಚಿಕಿತ್ಸಾ ಗುಂಪಿನ ಮಾನಕ ವಿಚಲನೆ 37.6, ನಿಯಂತ್ರಣ ಗುಂಪಿನದು 10.8.

ಈ ಆವರಣದ ಅಂಕಿಗಳ ಅರ್ಥ ದೊಡ್ಡದು. ಬದುಕಿದ ಕಾಲ ಸೊನ್ನೆಗಿಂತ ಕೆಳಗೆ ಹೋಗಲಾರದು. ಹಾಗಿರುವಾಗ ವಿಚಲನೆ ಸರಾಸರಿಯನ್ನೇ ಮೀರಿದೆ ಎಂದರೆ ಹೆಚ್ಚಿನವರು ಸರಾಸರಿಗಿಂತ ಸಾಕಷ್ಟು ಮುಂಚೆಯೇ ತೀರಿಕೊಂಡಿದ್ದಾರೆ, ಕೆಲವೇ ಮಂದಿ ಬಹಳ ವರ್ಷ ಬದುಕಿ ಸರಾಸರಿಯನ್ನು ಮೇಲಕ್ಕೆಳೆದಿದ್ದಾರೆ ಎಂದೇ ತಿಳಿಯಬೇಕು. ಹತ್ತು ವರ್ಷಗಳ ನಂತರ ವಿಚಾರಿಸಿದಾಗ 86 ಮಂದಿಯಲ್ಲಿ ಉಳಿದವರು ಮೂವರು ಮಾತ್ರ. ಆದ್ದರಿಂದ 36.6 ಎಂಬುದು ಆ ಗುಂಪಿನ ಸಾಮಾನ್ಯ ಮಹಿಳೆಯೊಬ್ಬಳ ಆಯುಸ್ಸಲ್ಲ. ‘ಆಯುಸ್ಸು ಇಮ್ಮಡಿಯಾಯಿತು’ ಎಂಬ ಮಾತು ಗಣಿತದ ಮಟ್ಟದಲ್ಲಿ ಸರಿ, ರೋಗಿಗೆ ಹೇಳುವ ಮಾತಾಗಿ ತಪ್ಪು. (ನಂತರದ ಪರೀಕ್ಷೆಗಳು ಸರಾಸರಿಯ ಬದಲು ಮಧ್ಯಾಂಕವನ್ನು ಕೊಟ್ಟಿವೆ. ಹೀಗಿದ್ದೂ 1989ರ ಸರಾಸರಿಯನ್ನು 2001ರ ಮರುಪರೀಕ್ಷೆಯ ಮಧ್ಯಾಂಕದ ಪಕ್ಕ ಇಟ್ಟು ‘ಕುಸಿತ’ವನ್ನು ಅಳೆಯುವ ಕೋಷ್ಟಕಗಳು ಓದುಗರನ್ನು ದಾರಿ ತಪ್ಪಿಸುತ್ತವೆ.)

ಎರಡೂ ಗುಂಪುಗಳಲ್ಲಿ ಬದುಕುಳಿದವರ ಪ್ರಮಾಣವನ್ನು ತೋರಿಸುವ ರೇಖೆಗಳು ಕವಲೊಡೆದದ್ದು ಅಧ್ಯಯನ ಆರಂಭವಾಗಿ 20 ತಿಂಗಳಾದ ಮೇಲೆ, ಅಂದರೆ ಗುಂಪಿನ ಸಭೆಗಳು ಮುಗಿದು ಎಂಟು ತಿಂಗಳು ಕಳೆದ ಮೇಲೆ. ಪರಿಣಾಮ ತಡವಾಗಿ ಫಲಿಸಿತು ಎಂದು ಪರವಾಗಿದ್ದವರು ಇದನ್ನು ವಿವರಿಸಿದರು. 1998ರಲ್ಲಿ ಬರ್ನಾರ್ಡ್ ಫಾಕ್ಸ್ ‘ಸೈಕೋ-ಆಂಕಾಲಜಿ’ ಪತ್ರಿಕೆಯಲ್ಲಿ ಬೇರೆಯದೇ ವಿವರಣೆ ಕೊಟ್ಟರು. ಆ ಪ್ರದೇಶದ ಮತ್ತು ರಾಷ್ಟ್ರದ ಕ್ಯಾನ್ಸರ್ ನೋಂದಣಿಯ ಅಂಕಿಗಳೊಂದಿಗೆ ಹೋಲಿಸಿ, ವಿಚಿತ್ರವಾಗಿರುವುದು ಚಿಕಿತ್ಸಾ ಗುಂಪಿನ ದೀರ್ಘಾಯುಸ್ಸಲ್ಲ, ನಿಯಂತ್ರಣ ಗುಂಪಿನ ಬೇಗ ಬಂದ ಸಾವು ಎಂದು ಅವರು ವಾದಿಸಿದರು. ಸ್ಪೀಗೆಲ್ ಮತ್ತು ಸಂಗಡಿಗರು ಇದನ್ನು ಒಪ್ಪಲಿಲ್ಲ. ಅದಕ್ಕೂ ಮುಂಚೆ, 1997ರಲ್ಲಿ, ಕೋಗನ್ ಮತ್ತಿತರರು ವೈದ್ಯಕೀಯ ದಾಖಲೆಗಳನ್ನು ತೆರೆದು ನೋಡಿ, ಎರಡೂ ಗುಂಪಿನವರಿಗೆ ಮುಂದೆ ಸಿಕ್ಕ ಔಷಧೋಪಚಾರದ ವ್ಯತ್ಯಾಸ ಈ ಅಂತರಕ್ಕೆ ಕಾರಣವಲ್ಲ ಎಂದು ತೋರಿಸಿದ್ದರು.

ಫಾಕ್ಸ್ ವಾದದಲ್ಲಿ ಒಂದು ದೌರ್ಬಲ್ಯವಿದೆ. ವೈದ್ಯರು ಕಳುಹಿಸಿದ, ಗುಂಪಿಗೆ ಬರಲು ಒಪ್ಪಿದ ಮಹಿಳೆಯರನ್ನು ನೋಂದಣಿಯಲ್ಲಿರುವ ಎಲ್ಲ ಮಹಿಳೆಯರ ಜೊತೆ ಹೋಲಿಸುವುದು ಸಮನಾದ ಹೋಲಿಕೆಯಲ್ಲ. ಅಂಥ ಹೋಲಿಕೆ ಬೇಡವೆಂದೇ ಯಾದೃಚ್ಛಿಕ ಹಂಚಿಕೆ ಮಾಡುವುದು. ಆದರೂ ತೂಕ ಫಾಕ್ಸ್ ಕಡೆಗೇ ಇದೆ. 36 ಮಂದಿಯ ಗುಂಪಿನಲ್ಲಿ ಬರೀ ಆಕಸ್ಮಿಕದಿಂದಲೇ ತೀವ್ರ ರೋಗದವರು ಒಂದಷ್ಟು ಹೆಚ್ಚು ಸೇರಿಕೊಳ್ಳಬಹುದು, ಅಷ್ಟರಿಂದಲೇ ರೇಖೆ ಬಾಗಬಹುದು. ಫಾಕ್ಸ್ ತೋರಿಸಿದ್ದು ಅಧ್ಯಯನದ ತಪ್ಪನ್ನಲ್ಲ. ಅದರ ಫಲಿತಾಂಶವನ್ನು ವಿವರಿಸಲು ಆಕಸ್ಮಿಕವೇ ಸಾಕು ಎಂಬುದನ್ನು. ಅದಕ್ಕಿರುವ ಪರಿಹಾರ ಒಂದೇ, ದೊಡ್ಡ ಗುಂಪಿನ ಮೇಲೆ ಮರುಪರೀಕ್ಷೆ.

ಆ ಮರುಪರೀಕ್ಷೆಗಳು ನಡೆದವು. 2001ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪಮೇಲಾ ಗುಡ್‌ವಿನ್ ಮತ್ತು ಸಂಗಡಿಗರು ಕೆನಡಾದ ಹಲವು ಕೇಂದ್ರಗಳ 235 ಮಹಿಳೆಯರ ವರದಿ ಕೊಟ್ಟರು. ಬದುಕಿದ ಕಾಲದ ಮಧ್ಯಾಂಕ ಚಿಕಿತ್ಸಾ ಗುಂಪಿನಲ್ಲಿ 17.9 ತಿಂಗಳು, ನಿಯಂತ್ರಣದಲ್ಲಿ 17.6. 2007ರಲ್ಲಿ ಆಸ್ಟ್ರೇಲಿಯಾದಿಂದ ಡೇವಿಡ್ ಕಿಸೇನ್ ತಂಡದ 227 ಮಹಿಳೆಯರ ಫಲಿತಾಂಶ ಬಂತು. ಅಲ್ಲಿಯೂ ಆಯುಸ್ಸು ಹೆಚ್ಚಿದ್ದು ಸಾಬೀತಾಗಲಿಲ್ಲ. ಅದೇ ವರ್ಷ ಸ್ಪೀಗೆಲ್ ತಾವೇ 125 ಮಹಿಳೆಯರಲ್ಲಿ ಪುನಃ ಪರೀಕ್ಷಿಸಿ, ಮಧ್ಯಾಂಕ 30.7 ಮತ್ತು 33.3 ತಿಂಗಳು ಎಂದು, ಅಂದರೆ ನಿಯಂತ್ರಣ ಗುಂಪಿನವರೇ ತುಸು ಮುಂದೆ ಎಂದು, ಪ್ರಕಟಿಸಿದರು. (ಈಸ್ಟ್ರೋಜನ್ ಗ್ರಾಹಕವಿಲ್ಲದ ಗಡ್ಡೆಗಳಿದ್ದ ಒಂದು ಸಣ್ಣ ಉಪಗುಂಪಿನಲ್ಲಿ ಲಾಭ ಕಂಡಿತೆಂದು ಅವರು ಹೇಳಿದ್ದಾರೆ. ಉಪಗುಂಪಿನ ಫಲಿತಾಂಶಕ್ಕೆ ಬೇರೆ ಪರೀಕ್ಷೆಯ ಬೆಂಬಲ ಸಿಗುವವರೆಗೆ ಅದರ ಮೇಲೆ ಏನನ್ನೂ ಕಟ್ಟಬಾರದು.) ತಮ್ಮದೇ ಪ್ರಸಿದ್ಧ ಫಲಿತಾಂಶಕ್ಕೆ ವಿರುದ್ಧವಾದದ್ದನ್ನು ಪ್ರಕಟಿಸಿದ ಸ್ಪೀಗೆಲ್ ಅವರ ಪ್ರಾಮಾಣಿಕತೆಗೆ ಈ ಕ್ಷೇತ್ರ ಸಲ್ಲಿಸಬೇಕಾದಷ್ಟು ಗೌರವ ಸಲ್ಲಿಸಿಲ್ಲ.

ಆಯುಸ್ಸಿನ ಪ್ರಶ್ನೆ ಹೀಗೆ ಮುಗಿಯುತ್ತದೆ. ‘ಸೋತಿತು’ ಎನ್ನುವ ಕಥನಕಾರರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಅವರು ಮುಟ್ಟದೇ ಬಿಟ್ಟ ಪುಟಗಳು ಇನ್ನೂ ಇವೆ. ಗುಡ್‌ವಿನ್ ವರದಿಯಲ್ಲೇ, ಆರಂಭದಲ್ಲಿ ಹೆಚ್ಚು ಸಂಕಟದಲ್ಲಿದ್ದ ಮಹಿಳೆಯರಿಗೆ ಮನಸ್ಸಿನ ನೋವು ಮತ್ತು ದೇಹದ ನೋವು ಎರಡರಲ್ಲೂ ಪ್ರಯೋಜನವಾಯಿತು; ಸಂಕಟ ಕಡಿಮೆಯಿದ್ದವರಿಗೆ ಅಷ್ಟಿಲ್ಲ. ಕಿಸೇನ್ ಅಧ್ಯಯನದಲ್ಲಿ ಖಿನ್ನತೆ ಇದ್ದವರಿಗೆ ಅದು ಕಡಿಮೆಯಾಯಿತು, ಇಲ್ಲದವರಲ್ಲಿ ಹೊಸದಾಗಿ ಹುಟ್ಟುವುದೂ ತಪ್ಪಿತು. ಇವು ಸೋಲಿನ ಫಲಿತಾಂಶಗಳಲ್ಲ. 1981ರ ಮೊದಲ ವರದಿ ಹೇಳಿದ್ದ ಮಾತನ್ನೇ ಇನ್ನೂ ದೊಡ್ಡ ಗುಂಪುಗಳಲ್ಲಿ ದೃಢಪಡಿಸಿದವು.

ಆ ಮೊದಲ ವರದಿಯನ್ನು ಮರಳಿ ಓದುವುದು ಅಗತ್ಯ. ನಾಲ್ಕು ತಿಂಗಳಿಗೊಮ್ಮೆ ನಡೆದ ಪರೀಕ್ಷೆಗಳಲ್ಲಿ, ಗುಂಪಿಗೆ ಬಂದವರ ಮನಃಸ್ಥಿತಿಯ ಏರುಪೇರು ಕಡಿಮೆಯಿತ್ತು, ಭೀತಿ ಕಡಿಮೆಯಿತ್ತು, ಹಾನಿಕರ ರೀತಿಯಲ್ಲಿ ಒತ್ತಡವನ್ನು ನಿಭಾಯಿಸುವುದೂ ಕಡಿಮೆಯಿತ್ತು. ಗುಂಪಿನಲ್ಲಿ ಆಡಿದ ಮಾತು ರೋಗ ವಾಸಿಯಾಗುವುದರ ಬಗ್ಗೆ ಅಲ್ಲ. ಸಾವನ್ನು ಎದುರಿಗಿಟ್ಟುಕೊಂಡೇ ಮನೆಯವರೊಡನೆ, ಸ್ನೇಹಿತರೊಡನೆ, ವೈದ್ಯರೊಡನೆ ಸಂಬಂಧವನ್ನು ಸರಿಪಡಿಸಿಕೊಳ್ಳುವುದು, ಇರುವಷ್ಟು ದಿನ ತುಂಬಿ ಬಾಳುವುದು: ಇವೇ ವಿಷಯ. 1983ರಲ್ಲಿ ಸ್ಪೀಗೆಲ್ ಮತ್ತು ಬ್ಲೂಮ್ ಪ್ರಕಟಿಸಿದ ಇನ್ನೊಂದು ವರದಿ, ಗುಂಪಿನ ಮಾತುಕತೆಯ ಜೊತೆ ಸ್ವಸಂಮೋಹನವನ್ನೂ ಕಲಿತವರಿಗೆ ನೋವಿನ ಅನುಭವ ಕಡಿಮೆಯಾದದ್ದನ್ನು ದಾಖಲಿಸಿತು.

ಮೊದಲ ಉದ್ದೇಶ ಏನಿತ್ತು ಎಂಬುದನ್ನು 1989ರ ಲೇಖಕರೂ ಮರೆಮಾಚಿಲ್ಲ. ಸರಿಯಾದ ಮನೋಭಾವವಿದ್ದರೆ ಕ್ಯಾನ್ಸರ್ ಗೆಲ್ಲಬಹುದು ಎಂದು ಕಲಿಸುವವರ ಅತಿರೇಕದ ಮಾತುಗಳನ್ನು ಪರೀಕ್ಷಿಸುವುದೇ ಅವರ ಉದ್ದೇಶವಾಗಿತ್ತು. ಆಯುಸ್ಸಿನಲ್ಲಿ ವ್ಯತ್ಯಾಸ ಕಂಡೀತೆಂದು ಅವರು ನಿರೀಕ್ಷಿಸಿರಲಿಲ್ಲ. ಗುಂಪಿಗೆ ಬಂದರೆ ಹೆಚ್ಚು ಕಾಲ ಬದುಕುತ್ತೀರಿ ಎಂದು ಆ ಮಹಿಳೆಯರಿಗೆ ಯಾರೂ ಹೇಳಿರಲಿಲ್ಲ. ಅತಿರೇಕವನ್ನು ತಡೆಯಲೆಂದು ನಡೆದ ಅಧ್ಯಯನವೇ ಮುಂದೆ ಅತಿರೇಕದವರ ಕೈಗೆ ಸಿಕ್ಕಿತು.

ಅಂಥ ಅತಿರೇಕದಿಂದಾದ ಹಾನಿ ಸಣ್ಣದಲ್ಲ. ಸ್ಟೀವನ್ ಗ್ರೀರ್ ತಂಡ 1979ರಲ್ಲಿ 69 ಮಹಿಳೆಯರನ್ನು ಗಮನಿಸಿ ‘ಹೋರಾಟದ ಮನೋಭಾವ’ ಇದ್ದವರು ಹೆಚ್ಚು ಕಾಲ ಬದುಕಿದರು ಎಂದು ಲ್ಯಾನ್ಸೆಟ್‌ನಲ್ಲಿ ಬರೆದಿತ್ತು. 1999ರಲ್ಲಿ ಮ್ಯಾಗಿ ವಾಟ್ಸನ್ ಮತ್ತು ಸಂಗಡಿಗರು, ಗ್ರೀರ್ ಅವರೂ ಸೇರಿ, 578 ಮಹಿಳೆಯರನ್ನು ಪರಿಶೀಲಿಸಿ ಅಂಥ ಪ್ರಯೋಜನ ಕಾಣದೆ ಹಿಂದಿರುಗಿದರು. ಅಸಹಾಯಕತೆ ಮತ್ತು ಖಿನ್ನತೆ ಮಾತ್ರ ಕೆಟ್ಟ ಫಲಿತಾಂಶದ ಜೊತೆ ಕಾಣಿಸಿಕೊಂಡವು. ಹೋರಾಡಿದರೆ ಬದುಕಬಹುದು ಎಂಬ ಮಾತಿಗೆ ಆಧಾರವಿಲ್ಲ ಎಂದಾದ ಮೇಲೂ ಅದನ್ನು ಹೇಳುತ್ತಿರುವವರು, ಸಾಯುತ್ತಿರುವ ರೋಗಿಯ ತಲೆಯ ಮೇಲೆ ತನ್ನ ಸಾವಿಗೆ ತಾನೇ ಕಾರಣ ಎಂಬ ಹೊರೆ ಹೇರುತ್ತಾರೆ. ಧೈರ್ಯ ತಂದುಕೋ ಎನ್ನುವ ಮನೆಯವರ ಮಾತು ಬೇರೆ, ಧೈರ್ಯ ತಂದುಕೊಂಡಿದ್ದರೆ ಬದುಕುತ್ತಿದ್ದೆ ಎನ್ನುವ ಶಾಸ್ತ್ರದ ಮಾತು ಬೇರೆ. ಎರಡನೆಯದನ್ನು ಯಾವ ಮಾಹಿತಿಯೂ ಬೆಂಬಲಿಸುವುದಿಲ್ಲ.

ಮನೆಯವರ ಪಾತ್ರದ ಬಗ್ಗೆ ಅತಿ ಹೆಚ್ಚು ಹೇಳುವ ದಾಖಲೆಯೇ ಎಲ್ಲಕ್ಕಿಂತ ಕಡಿಮೆ ಓದಿಸಿಕೊಂಡಿದೆ. ಸ್ಪೀಗೆಲ್, ಬ್ಲೂಮ್ ಮತ್ತು ಗಾಟೈಲ್ 1983ರಲ್ಲಿ ಸ್ಟ್ಯಾನ್‌ಫರ್ಡ್ ಮಹಿಳೆಯರ ಕುಟುಂಬದ ವಾತಾವರಣವನ್ನು ಪರಿಶೀಲಿಸಿ, ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಅವಕಾಶವಿದ್ದ, ಜಗಳ ಕಡಿಮೆಯಿದ್ದ ಮನೆಗಳ ರೋಗಿಗಳ ಮನಃಸ್ಥಿತಿ ಮೇಲಾಗಿತ್ತೆಂದು ತೋರಿಸಿದ್ದರು. ಭಾರತದ ಓದುಗರು 1989ಕ್ಕಿಂತ ಈ ವರದಿಯನ್ನು ಮೊದಲು ಓದಬೇಕಿತ್ತು. ರೋಗದ ಹೆಸರನ್ನು ರೋಗಿಗೆ ಹೇಳಬೇಡಿ ಎಂದು ಮನೆಯವರು ವೈದ್ಯರನ್ನು ಕೇಳಿಕೊಳ್ಳುವುದು ಇಲ್ಲಿ ಸಾಮಾನ್ಯ. ರೋಗಿಗೆ ಅಷ್ಟರಲ್ಲಿ ಗೊತ್ತಾಗಿರುತ್ತದೆ. ತನಗೆ ಗೊತ್ತು ಎಂದು ತೋರಿಸಿಕೊಂಡರೆ ಮನೆಯವರು ಕುಗ್ಗುತ್ತಾರೆ ಎಂದು ರೋಗಿಯೂ ಸುಮ್ಮನಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಸಂತೋಷ್ ಚತುರ್ವೇದಿ ಮತ್ತು ಪ್ರಭಾ ಚಂದ್ರ ಈ ಪರಸ್ಪರ ಮೌನವನ್ನು ಉಪಶಾಮಕ ಆರೈಕೆಯ ಒಂದು ಮುಖ್ಯ ತೊಡಕೆಂದು ಗುರುತಿಸಿ ಬರೆದಿದ್ದಾರೆ. ಚತುರ್ವೇದಿ ಅವರದೇ 1991ರ ಅಧ್ಯಯನವೊಂದು, ಕ್ಯಾನ್ಸರ್ ಸಂದರ್ಭದಲ್ಲಿ ಭಾರತೀಯರಿಗೆ ಮನಶ್ಶಾಂತಿ, ಆಧ್ಯಾತ್ಮಿಕ ತೃಪ್ತಿ ಮತ್ತು ಕುಟುಂಬದ ಬಗೆಗಿನ ಸಮಾಧಾನ ದೈಹಿಕ ಸಾಮರ್ಥ್ಯಕ್ಕಿಂತ ಮುಖ್ಯವೆಂದು ತೋರಿಸಿತು. ಪಶ್ಚಿಮದ ಅಳತೆಗೋಲುಗಳನ್ನು ಹಾಗೆಯೇ ಎತ್ತಿ ತರುವವರು ಇದನ್ನು ಗಮನಿಸಿದಂತಿಲ್ಲ.

ಮನೆಯವರೂ ನೇರವಾಗಿ ಒಳಗೊಳ್ಳುವ ಇನ್ನೊಂದು ಕ್ಷೇತ್ರವಾದ ಅಂಗಾಂಗ ಕಸಿಯಲ್ಲಿ ಮಾನಸಿಕ ಆಸರೆಯ ಚರಿತ್ರೆ ಬೇರೆ ದಾರಿಯಲ್ಲಿ ಸಾಗಿತು. 1954ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಅವಳಿ ಸಹೋದರರ ನಡುವೆ ಯಶಸ್ವಿ ಮೂತ್ರಪಿಂಡ ಕಸಿ ನಡೆದ ನಂತರದ ದಶಕಗಳಲ್ಲಿ, ಮನೋವೈದ್ಯರಿಗೆ ಸಿಕ್ಕ ಮೊದಲ ಕೆಲಸ ಆಸರೆಯದಲ್ಲ, ಜರಡಿ ಹಿಡಿಯುವುದು: ಈ ರೋಗಿ ಯೋಗ್ಯನೇ, ಈ ದಾನಿ ಮನಃಪೂರ್ವಕವಾಗಿ ಕೊಡುತ್ತಿದ್ದಾನೆಯೇ ಎಂದು ಹೇಳುವುದು. ಕಾರ್ಲ್ ಫೆಲ್ನರ್ ಮತ್ತು ಜಾನ್ ಮಾರ್ಷಲ್ 1970ರಲ್ಲಿ ಬರೆದಂತೆ, ದಾನಿಗಳಲ್ಲಿ ಹಲವರು ವೈದ್ಯರ ವಿವರಣೆ ಕೇಳುವ ಮೊದಲೇ, ವಿಷಯ ಕಿವಿಗೆ ಬಿದ್ದ ಕ್ಷಣದಲ್ಲೇ ನಿರ್ಧರಿಸಿಬಿಟ್ಟಿದ್ದರು. ರಕ್ತಸಂಬಂಧದ ಒತ್ತಡ ಒಪ್ಪಿಗೆ ಪತ್ರಕ್ಕಿಂತ ಮುಂಚಿನದು. ರೆನೀ ಫಾಕ್ಸ್ ಮತ್ತು ಜುಡಿತ್ ಸ್ವೇಜಿ, ತೀರಿಸಲಾಗದ ಉಡುಗೊರೆಯ ಭಾರ ಪಡೆದವರನ್ನೂ ಕೊಟ್ಟವರನ್ನೂ ಕಟ್ಟಿಹಾಕುತ್ತದೆ ಎಂದು ವಿವರಿಸಿದರು. ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ದಾನಿಯ ಒಪ್ಪಿಗೆಯನ್ನು ಕಾನೂನಿನ ವಿಷಯವಾಗಿಸಿತು. ಕಸಿ ಸಂಯೋಜಕರ ನೇಮಕ ಕಡ್ಡಾಯವಾದದ್ದು 2011ರ ತಿದ್ದುಪಡಿಯಿಂದ.

ಎರಡು ಚರಿತ್ರೆಗಳು ಸೇರುವ ಜಾಗ ಅಸ್ಥಿಮಜ್ಜೆ ಕಸಿ. ಅಲ್ಲಿ ರೋಗಿಗೆ ಇರುವುದು ರಕ್ತದ ಕ್ಯಾನ್ಸರ್, ಆಗುವುದು ಕಸಿ, ದಾನಿ ಬಹಳ ಸಲ ಒಡಹುಟ್ಟಿದವರು, ವಾರಗಟ್ಟಲೆ ಪ್ರತ್ಯೇಕ ಕೋಣೆಯ ವಾಸ. 2016ರಲ್ಲಿ ‘ಜಾಮಾ’ದಲ್ಲಿ ಅರೀಜ್ ಎಲ್-ಜವಾಹ್ರಿ ಮತ್ತು ಸಂಗಡಿಗರು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ 160 ರೋಗಿಗಳ ಯಾದೃಚ್ಛಿಕ ಪರೀಕ್ಷೆಯನ್ನು ಪ್ರಕಟಿಸಿದರು. ಕಸಿಗೆಂದು ದಾಖಲಾದ ದಿನಗಳಲ್ಲೇ ಉಪಶಾಮಕ ಆರೈಕೆಯ ತಂಡ ಜೊತೆಗಿದ್ದವರಲ್ಲಿ, ಎರಡನೇ ವಾರದ ಹೊತ್ತಿಗೆ ಜೀವನದ ಗುಣಮಟ್ಟ ಕುಸಿದದ್ದು ಕಡಿಮೆ. ಮೂರು ತಿಂಗಳಾದಾಗ ಖಿನ್ನತೆಯೂ ಕಡಿಮೆ. ಆಯುಸ್ಸನ್ನು ಅವರು ಮುಖ್ಯ ಗುರಿಯಾಗಿ ಇಟ್ಟುಕೊಳ್ಳಲೇ ಇಲ್ಲ. ಅದೇ ಅಧ್ಯಯನ ರೋಗಿಗಳ ಜೊತೆಗಿದ್ದ 94 ಮಂದಿ ಆರೈಕೆದಾರರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಅವರ ಆತಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಖಿನ್ನತೆಯ ಲಕ್ಷಣಗಳು ಮಾತ್ರ, ತಂಡದ ನೆರವು ಪಡೆದ ರೋಗಿಗಳ ಮನೆಯವರಲ್ಲಿ, ಅಷ್ಟಾಗಿ ಏರಲಿಲ್ಲ. ಆರೈಕೆ ಸಿಕ್ಕಿದ್ದು ರೋಗಿಗೆ. ಅದರ ಪರಿಣಾಮ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತವರಿಗೂ ತಲುಪಿದ್ದನ್ನು ಈ ಪರೀಕ್ಷೆ ಅಂಕಿಗಳಲ್ಲಿ ದಾಖಲಿಸಿದೆ.